ಯುದ್ಧ ತಾನಾಗಿ ಭುಗಿಲೆದ್ದಿತೆ?

ಮೊದಲನೆಯ ಮಹಾಯುದ್ಧದ ಚರ್ಚೆ ಕನ್ನಡದಲ್ಲಿ ಬಹುಮಟ್ಟಿಗೆ ‘1914ರಲ್ಲಿ ಯುದ್ಧ ಭುಗಿಲೆದ್ದಿತು’ ಎಂಬ ಮಾತಿನಿಂದ ಆರಂಭವಾಗುತ್ತದೆ. ಈ ವಾಕ್ಯದಲ್ಲಿ ಯುದ್ಧವೇ ಕರ್ತೃ. ಅದನ್ನು ಹೊತ್ತಿಸಿದ ಮನುಷ್ಯರಿಗೆ ಅಲ್ಲಿ ಸ್ಥಾನವಿಲ್ಲ. ಮೈತ್ರಿಕೂಟಗಳು, ಶಸ್ತ್ರಾಸ್ತ್ರಗಳ ಪೈಪೋಟಿ, ಸಾಮ್ರಾಜ್ಯದಾಹ, ಉಗ್ರ ರಾಷ್ಟ್ರೀಯತೆ ಎಂದು ಮುಂದೆ ಬರುವ ಕಾರಣಗಳ ಪಟ್ಟಿಯೂ ಆ ಕೊರತೆಯನ್ನು ತುಂಬುವುದಿಲ್ಲ. 1908ರಲ್ಲಿ ಆಸ್ಟ್ರಿಯಾ ಬೋಸ್ನಿಯಾವನ್ನು ತನ್ನೊಳಗೆ ಸೇರಿಸಿಕೊಂಡಾಗ, 1911ರ ಮೊರಾಕೊ ಬಿಕ್ಕಟ್ಟಿನಲ್ಲಿ, 1912–13ರ ಬಾಲ್ಕನ್ ಯುದ್ಧಗಳಲ್ಲಿ ಇವೆಲ್ಲವೂ ಇದ್ದವು. ಆದರೂ ಮಹಾಶಕ್ತಿಗಳು ಪರಸ್ಪರ ಕಾದಾಡಲಿಲ್ಲ.

ಸರಯೆವೊದಲ್ಲಿ 1914ರ ಜೂನ್ 28ರಂದು ಗಾವ್ರಿಲೊ ಪ್ರಿನ್ಸಿಪ್ ಹಾರಿಸಿದ ಗುಂಡಿಗೂ ಮೊದಲ ಯುದ್ಧಘೋಷಣೆಗೂ ನಡುವೆ ಸರಿಯಾಗಿ ಒಂದು ತಿಂಗಳಿದೆ. ಇತಿಹಾಸದ ವಿದ್ಯಾರ್ಥಿ ತಂಗಬೇಕಾದುದು ಆ ತಿಂಗಳಲ್ಲಿ. ಜುಲೈ 5ರಂದು ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಆಸ್ಟ್ರಿಯಾಕ್ಕೆ ಬೇಷರತ್ತಾದ ಬೆಂಬಲದ ಭರವಸೆಯಿತ್ತನು. 23ರಂದು ಆಸ್ಟ್ರಿಯಾ ಸರ್ಬಿಯಾಕ್ಕೆ 48 ಗಂಟೆಗಳ ಗಡುವಿನ ಅಂತಿಮಪತ್ರವನ್ನು ಕಳುಹಿಸಿತು. ಅದನ್ನು ಒಪ್ಪಲಾಗದಂತೆಯೇ ರಚಿಸಲಾಗಿತ್ತು. ಆದರೂ ಸರ್ಬಿಯಾ ಬಹುಪಾಲು ಷರತ್ತುಗಳಿಗೆ ತಲೆಬಾಗಿತು. ಆ ಉತ್ತರವನ್ನು 28ರ ಬೆಳಗ್ಗೆ ಓದಿದ ವಿಲ್ಹೆಲ್ಮನೇ ಯುದ್ಧಕ್ಕೆ ಇನ್ನು ಕಾರಣವುಳಿದಿಲ್ಲವೆಂದು ಬರೆದಿಟ್ಟನು. ಅದೇ ದಿನ ವಿಯೆನ್ನಾ ಯುದ್ಧ ಸಾರಿತು. 30ರಂದು ರಷ್ಯಾ ಪೂರ್ಣ ಸೇನಾ ಜಮಾವಣೆಗೆ ಆಜ್ಞೆಯಿತ್ತಿತು. ಅದರ ಹೊಣೆಯೂ ಹಗುರವಾದುದಲ್ಲ. ಆಗಸ್ಟ್ 1ರಂದು, ಸೇನೆಯನ್ನು ಪಶ್ಚಿಮದ ಬದಲು ಪೂರ್ವಕ್ಕೆ ತಿರುಗಿಸಬಹುದೇ ಎಂದು ಚಕ್ರವರ್ತಿ ಕೇಳಿದಾಗ ಸೇನಾ ಮುಖ್ಯಸ್ಥ ಮೋಲ್ಟ್ಕೆ, ವರ್ಷಗಟ್ಟಲೆ ಸಿದ್ಧಪಡಿಸಿದ ವ್ಯವಸ್ಥೆಯನ್ನು ಹಾಗೆ ಬದಲಿಸಲಾಗದೆಂದನು. ರೈಲುಗಳ ವೇಳಾಪಟ್ಟಿಯನ್ನು ರಚಿಸಿದವರೂ ಮನುಷ್ಯರೇ ಎಂಬುದು ಆ ಉತ್ತರದಲ್ಲಿ ಮರೆತುಹೋಗಿದೆ.

ಕ್ರಿಸ್ಟೋಫರ್ ಕ್ಲಾರ್ಕ್ ಈ ರಾಜಕಾರಣಿಗಳನ್ನು ನಿದ್ದೆಯಲ್ಲಿ ನಡೆದವರೆಂದು ಕರೆದು 2012ರಲ್ಲಿ ದೊಡ್ಡ ಗ್ರಂಥವನ್ನೇ ಬರೆದರು. ಹೊಣೆಯನ್ನು ಒಂದೇ ರಾಷ್ಟ್ರದ ಮೇಲೆ ಹೊರಿಸದಿರುವುದು ಆ ಗ್ರಂಥದ ಹೆಚ್ಚುಗಾರಿಕೆ. ರೂಪಕ ಮಾತ್ರ ಒಪ್ಪತಕ್ಕದ್ದಲ್ಲ. ದಿನಕ್ಕೆ ಹತ್ತಾರು ತಂತಿಗಳನ್ನು ಓದಿ, ತಿದ್ದಿ, ಉತ್ತರಿಸುತ್ತಿದ್ದವರು ಎಚ್ಚರವಾಗಿಯೇ ಇದ್ದರು.

ಯುದ್ಧ ನಡೆದ ರೀತಿಯನ್ನು ವಿವರಿಸುವಾಗಲೂ ಇದೇ ವ್ಯಾಕರಣ ಮರಳುತ್ತದೆ: ಕಂದಕಗಳಲ್ಲಿ ಯುದ್ಧ ‘ಸ್ಥಗಿತಗೊಂಡಿತು’. 1914ರ ಕೊನೆಗೆ ಉತ್ತರ ಸಮುದ್ರದಿಂದ ಸ್ವಿಟ್ಜರ್ಲೆಂಡಿನ ಗಡಿಯವರೆಗೆ ಕಂದಕಗಳ ಸಾಲು ಹಬ್ಬಿತ್ತು. ಮುಳ್ಳುತಂತಿ, ಮಷೀನ್ ಗನ್, ಫಿರಂಗಿಗಳ ಎದುರು ಬಯಲಲ್ಲಿ ನಡೆದುಹೋಗುವ ಪದಾತಿಯ ಗತಿಯೇನೆಂಬುದು 1915ರಲ್ಲೇ ಸೇನಾನಿಗಳಿಗೆ ತಿಳಿದಿತ್ತು. ಆದರೂ 1916ರ ಜುಲೈ 1ರಂದು, ಒಂದು ವಾರ ಗುಂಡಿನ ಮಳೆಗರೆದ ಮೇಲೆ, ಸೋಮ್ ನದಿಯ ಬಯಲಿಗೆ ಬ್ರಿಟಿಷ್ ಪಡೆ ಎದ್ದುಬಂದಿತು. ಸಂಜೆಯ ಹೊತ್ತಿಗೆ 57,000ಕ್ಕೂ ಹೆಚ್ಚು ಮಂದಿ ಸತ್ತೋ ಗಾಯಗೊಂಡೋ ಕಾಣೆಯಾಗಿಯೋ ಹೋಗಿದ್ದರು. ಸತ್ತವರೇ 19,000ಕ್ಕೂ ಹೆಚ್ಚು. ಹೇಗ್ ಆ ದಾಳಿಯನ್ನು ನವೆಂಬರ್‌ವರೆಗೆ ಮುಂದುವರಿಸಿದನು. ಗೆದ್ದ ನೆಲದ ಆಳ ಹತ್ತು-ಹನ್ನೆರಡು ಕಿಲೋಮೀಟರಿಗೆ ಮಿಗಲಿಲ್ಲ. ಜುಲೈ 2ರಂದು ನಿಲ್ಲಿಸಬಹುದಾಗಿದ್ದುದು ನಿಲ್ಲಲಿಲ್ಲವೆಂದರೆ, ನಿಲ್ಲಿಸದಿದ್ದವನೊಬ್ಬನಿರಬೇಕು. ವರ್ಡನ್‌ನಲ್ಲಿ ಫ್ರೆಂಚರ ಮೇಲೆ ಒತ್ತಡ ಹೆಚ್ಚಿತ್ತೆಂಬುದು ನಿಜ. ಅದು ದಾಳಿಯ ಆರಂಭವನ್ನು ವಿವರಿಸುತ್ತದೆ, ಐದು ತಿಂಗಳನ್ನಲ್ಲ.

ಕನ್ನಡಿಗರ ನೆನಪು ಸಹಜವಾಗಿ ಮೈಸೂರು ಅಶ್ವದಳ ಭಾಗವಹಿಸಿದ 1918ರ ಹೈಫಾ ವಿಜಯದತ್ತ ಹರಿಯುತ್ತದೆ. ಕಂದಕದ ಯುದ್ಧವನ್ನು ಅರಿಯಲು ಫ್ರಾನ್ಸಿಗೆ ಹೋದ ಭಾರತೀಯ ಸಿಪಾಯಿಗಳ ಪತ್ರಗಳನ್ನು ನೋಡಬೇಕು. 1915ರ ಮಾರ್ಚಿನಲ್ಲಿ ನೂವ್ ಶಾಪೆಲ್ ದಾಳಿಗೆ ಇಳಿದ ಪಡೆಯಲ್ಲಿ ಸುಮಾರು ಅರ್ಧದಷ್ಟು ಮಂದಿ ಭಾರತೀಯರು. ಅವರಲ್ಲಿ ಅನೇಕರು ಓದುಬರಹ ಬಲ್ಲವರಲ್ಲ; ಹೇಳಿ ಬರೆಯಿಸಿದ ಪತ್ರಗಳನ್ನು ಸೇನೆಯ ಪರಿಶೀಲಕರು ತೆರೆದು ಓದುತ್ತಿದ್ದರು. ಇಂದು ಸಂಶೋಧಕರಿಗೆ ದಕ್ಕಿರುವುದು ಬಹುಪಾಲು ಆ ಕಚೇರಿ ಆಯ್ದು ಇಂಗ್ಲಿಷಿಗೆ ಅನುವಾದಿಸಿಟ್ಟ ಭಾಗಗಳಷ್ಟೇ. ಆ ಸೋಸುವಿಕೆಯನ್ನೂ ದಾಟಿ ಒಂದು ಸಂಕೇತ ಉಳಿದುಬಂದಿದೆ: ಕರಿಮೆಣಸೆಂದರೆ ಭಾರತೀಯ ಸೈನಿಕರು, ಕೆಂಪುಮೆಣಸೆಂದರೆ ಬಿಳಿಯರು. ಕರಿಮೆಣಸು ಮುಗಿಯುತ್ತ ಬಂದಿದೆಯೆಂಬ ಸುದ್ದಿಯನ್ನು ಊರಿನವರು ಅರ್ಥಮಾಡಿಕೊಳ್ಳಬೇಕಿತ್ತು. ಪರಿಶೀಲಕರಿಗೂ ಅದು ಅರ್ಥವಾಗಿತ್ತು; ಪತ್ರ ಕಡತಕ್ಕೆ ಸೇರಿದ್ದೇ ಆ ಕಾರಣದಿಂದ.