ವೇಷ ಕಳಚಿ ಬಾಗಿಲು ತೆರೆಯಿರಿ

ಹಬ್ಬದ ಸಂತೋಷಕ್ಕೆ ಅಡ್ಡಿ ಬರುವವನು ಯಾವ ಕಾಲದಲ್ಲೂ, ಯಾವ ದೇಶದಲ್ಲೂ ಪ್ರಿಯನಾಗುವುದಿಲ್ಲ. ಈ ಅರಿವಿದ್ದೂ ಒಂದು ಮಾತನ್ನು ನಿಷ್ಠುರವಾಗಿ ಹೇಳಬೇಕಾಗಿದೆ. ಅಮೆರಿಕದ ಅನೇಕ ಕಾಲೇಜು ಮತ್ತು ವಿಶ್ವವಿದ್ಯಾನಿಲಯಗಳಲ್ಲಿ ಅಕ್ಟೋಬರ್ 31ರಂದು, ಹ್ಯಾಲೋವೀನ್ ಹಬ್ಬದ ದಿನ, ಅಧ್ಯಾಪಕರೂ ಸಲಹೆಗಾರರೂ ಕಚೇರಿಯ ಸಿಬ್ಬಂದಿಯೂ ವೇಷ ಧರಿಸಿ ಕೆಲಸಕ್ಕೆ ಬರುವ ರೂಢಿಯುಂಟು. ಆ ರೂಢಿಯ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಅದೇ ವೇಷದಲ್ಲಿ ಕುಳಿತು, ಓದಿನಲ್ಲಿ ಸೋಲುತ್ತಿರುವ ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು, ಅವನ ಭವಿಷ್ಯದ ಮಾತಾಡುವುದು ತಪ್ಪು. ಅದು ನಕ್ಕು ಮರೆಯಬಹುದಾದ ಅನೌಚಿತ್ಯವಲ್ಲ. ಗುರುಸ್ಥಾನದ ಕರ್ತವ್ಯದಲ್ಲಿ ಆಗುವ ಲೋಪ.

ಸಾವಿರಾರು ಮೈಲಿ ದೂರದ ಈ ಸಂಗತಿ ನಮಗೇಕೆ ಎಂದು ಓದುಗರು ಕೇಳಬಹುದು. ನಮ್ಮ ಮನೆಗಳ ಮಕ್ಕಳು ಅಲ್ಲಿ ಓದುತ್ತಿದ್ದಾರೆ. ನಮ್ಮವರಲ್ಲೇ ಕೆಲವರು ಅಲ್ಲಿ ಪಾಠ ಹೇಳುತ್ತಿದ್ದಾರೆ. ಆ ಕೊಠಡಿಯ ಮೇಜಿನ ಎರಡೂ ಬದಿಗಳಲ್ಲಿ ನಮ್ಮವರಿರುವಾಗ, ಅಲ್ಲಿ ನಡೆಯುವುದರ ಯುಕ್ತಾಯುಕ್ತತೆಯನ್ನು ವಿಚಾರಿಸುವುದು ಪರರ ಮನೆಯ ಪಂಚಾಯಿತಿಯಾಗಲಾರದು.

ಮೊದಲು ಹಬ್ಬವನ್ನೇ ತಿಳಿಯೋಣ. ಹ್ಯಾಲೋವೀನ್ ಎಂದರೆ ನವೆಂಬರ್ 1ರ ಸಕಲ ಸಂತರ ದಿನದ ಹಿಂದಿನ ಸಂಜೆ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಸಂಧಿಕಾಲದ ಹಳೆಯ ನಂಬಿಕೆಗಳೂ ಅದರೊಡನೆ ಬೆರೆತಿವೆ. 19ನೆಯ ಶತಮಾನದಲ್ಲಿ ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳಿಂದ ಬಂದ ವಲಸಿಗರು ಅದನ್ನು ಅಮೆರಿಕಕ್ಕೆ ತಂದರು. 20ನೆಯ ಶತಮಾನದಲ್ಲಿ ಅದು ಮುಖ್ಯವಾಗಿ ಮಕ್ಕಳ ಹಬ್ಬವಾಗಿ ಬೆಳೆಯಿತು. ಭೂತವೋ ಮಾಟಗಾತಿಯೋ ಅಸ್ಥಿಪಂಜರವೋ ಆಗಿ ವೇಷ ತೊಟ್ಟ ಮಕ್ಕಳು ಮನೆಮನೆಯ ಬಾಗಿಲು ತಟ್ಟುತ್ತಾರೆ. ಮನೆಯವರು ಬಾಗಿಲು ತೆರೆದು, ಅಂಜಿದಂತೆ ನಟಿಸಿ, ಮಕ್ಕಳ ಚೀಲಕ್ಕೆ ಸಿಹಿ ಹಾಕುತ್ತಾರೆ.

ಈ ಆಟದ ಸೊಗಸು ಎಲ್ಲಿದೆ ಎಂಬುದನ್ನು ಗಮನಿಸಬೇಕು. ಇಲ್ಲಿ ವೇಷ ಮುಖ್ಯವಾಗಿ ಬಾಗಿಲು ತಟ್ಟುವ ಚಿಕ್ಕವರದು. ಬಾಗಿಲು ತೆರೆಯುವ ಹಿರಿಯರ ಕೈಯಲ್ಲಿ ಕೊಡುವುದಕ್ಕೆ ಏನಾದರೂ ಇರುತ್ತದೆ. ಒಂದು ಸಂಜೆಯ ಮಟ್ಟಿಗೆ ದುರ್ಬಲರು ಭಯಂಕರರಾಗುತ್ತಾರೆ, ಬಲಿಷ್ಠರು ಅಂಜುತ್ತಾರೆ. ಅಧ್ಯಾಪಕರ ಕೊಠಡಿಯಲ್ಲಿ ಇದೆಲ್ಲ ತಲೆಕೆಳಗಾಗುತ್ತದೆ. ತಟ್ಟುವ ವಿದ್ಯಾರ್ಥಿಗೆ ಯಾವ ಮರೆಯೂ ಇಲ್ಲ. ಸೋತ ಮುಖವನ್ನು ಹಾಗೆಯೇ ಹೊತ್ತು ತಂದಿದ್ದಾನೆ. ತೆರೆಯುವ ಬಲಿಷ್ಠರು ವೇಷದ ಹಿಂದೆ ಇದ್ದಾರೆ. ಅಂಜಿಕೆಯೂ ಇಲ್ಲಿ ನಟನೆಯಲ್ಲ. ಹಬ್ಬದ ಹೆಸರಿನಲ್ಲಿ ನಡೆಯುವ ಈ ಭೇಟಿಯಲ್ಲಿ ಹಬ್ಬದ ತಿರುಳೇ ಇಲ್ಲ.

ಇನ್ನು ಕಾಲದ ವಿಚಾರ. ಅಲ್ಲಿನ ಬಹುಪಾಲು ಕಾಲೇಜುಗಳಲ್ಲಿ ಶರತ್ಕಾಲದ ಸೆಮಿಸ್ಟರ್ ಆಗಸ್ಟ್ ತಿಂಗಳ ಕೊನೆಯ ಹೊತ್ತಿಗೆ ಆರಂಭವಾಗಿ ಡಿಸೆಂಬರ್‌ನಲ್ಲಿ ಮುಗಿಯುತ್ತದೆ. ಅಕ್ಟೋಬರ್ ಕೊನೆಯೆಂದರೆ ನಡುವಣ ಪರೀಕ್ಷೆಗಳ ಅಂಕಗಳು ಕೈಸೇರುವ ಸಮಯ. ತೇರ್ಗಡೆಯಾಗಲಾರದ ವಿಷಯವನ್ನು ಕೈಬಿಡಲು ಇರುವ ಕೊನೆಯ ದಿನಾಂಕವೂ ಹಲವು ಕಾಲೇಜುಗಳಲ್ಲಿ ಇದೇ ಸುಮಾರಿಗೆ ಬೀಳುತ್ತದೆ. 2024ರಲ್ಲಿ ಹ್ಯಾಲೋವೀನ್ ಗುರುವಾರ ಬಂದಿತ್ತು, 2025ರಲ್ಲಿ ಶುಕ್ರವಾರ. ಎರಡೂ ಕೆಲಸದ ದಿನಗಳೇ. ಅಂದರೆ ವರ್ಷದ ಅತ್ಯಂತ ವಿನೋದದ ವೇಷವೂ ವಿದ್ಯಾರ್ಥಿಯ ಅತ್ಯಂತ ಕಠಿಣವಾದ ನಿರ್ಧಾರವೂ ಒಂದೇ ವಾರದಲ್ಲಿ ಒಂದೇ ಕೊಠಡಿಗೆ ಬರುವ ಸಂಭವವಿದೆ.

ಆ ನಿರ್ಧಾರದ ತೂಕವೇನು? ವಿಷಯವನ್ನು ಕೈಬಿಟ್ಟರೆ ಸರಾಸರಿ ಅಂಕಕ್ಕೆ ಸಾಮಾನ್ಯವಾಗಿ ಧಕ್ಕೆಯಿಲ್ಲ. ಆದರೆ ಅಂಕಪಟ್ಟಿಯಲ್ಲಿ ಕೈಬಿಟ್ಟ ಗುರುತು ಉಳಿಯುತ್ತದೆ. ಸರ್ಕಾರದ ಧನಸಹಾಯ ಪಡೆಯುವ ವಿದ್ಯಾರ್ಥಿಯಾದರೆ, ಕೈಗೊಂಡ ಕ್ರೆಡಿಟ್‌ಗಳಲ್ಲಿ ಸುಮಾರು ಮೂರನೆಯ ಎರಡು ಪಾಲನ್ನು ಪೂರೈಸಬೇಕೆಂಬ ನಿಯಮವಿದೆ. ಬಿಟ್ಟ ವಿಷಯವೂ ಆ ಲೆಕ್ಕದಲ್ಲಿ ಸೇರುತ್ತದೆ. ವಿದ್ಯಾರ್ಥಿ ವೀಸಾದ ಮೇಲೆ ಪದವಿ ಓದುವವನು ಸೆಮಿಸ್ಟರಿಗೆ ಸಾಮಾನ್ಯವಾಗಿ ಕನಿಷ್ಠ 12 ಕ್ರೆಡಿಟ್ ಓದಬೇಕು. ಅದಕ್ಕಿಂತ ಕೆಳಗಿಳಿಯಬೇಕಾದರೆ ಕಾಲೇಜಿನ ನಿಯುಕ್ತ ಅಧಿಕಾರಿಯ ಅನುಮತಿಯನ್ನು ಮುಂಚಿತವಾಗಿಯೇ ಪಡೆಯಬೇಕು. ತಪ್ಪಿದರೆ ಆ ದೇಶದಲ್ಲಿ ಉಳಿಯುವ ಹಕ್ಕಿಗೇ ಸಂಚಕಾರ. ಇಷ್ಟೆಲ್ಲ ತೊಡಕುಗಳ ನಡುವೆ ದಾರಿ ಕೇಳಲು ಬಂದವನ ಎದುರು, ಕೆನ್ನೆಗೆ ರಕ್ತದ ಬಣ್ಣ ಬಳಿದುಕೊಂಡ ಪಿಶಾಚಿಯೊಂದು ಕುಳಿತು ನಿಯಮಾವಳಿ ಓದಿ ಹೇಳುವುದನ್ನು ಕಲ್ಪಿಸಿಕೊಳ್ಳಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಇಂತಹ ಸನ್ನಿವೇಶಕ್ಕೇ ಹುಟ್ಟಿತೇನೋ.

ಇನ್ನೊಂದು ಸಂಗತಿಯನ್ನು ನಮ್ಮ ತಂದೆತಾಯಿಯರು ವಿಶೇಷವಾಗಿ ತಿಳಿಯಬೇಕು. ಕಾಲೇಜು ವಿದ್ಯಾರ್ಥಿಯ ಅಂಕಗಳನ್ನು ಅವನ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ಹೊರಗಿನವರಿಗೆ ತಿಳಿಸಕೂಡದೆಂಬ ಕಾನೂನು ಅಮೆರಿಕದಲ್ಲಿ 1974ರಿಂದ ಇದೆ. ಹೀಗಾಗಿ ಸೋಲಿನ ಸುದ್ದಿ ಅನೇಕ ವೇಳೆ ಊರಿನ ಮನೆಗೆ ತಲುಪಿರುವುದೇ ಇಲ್ಲ. ಸಾಲ ಮಾಡಿ ಕಳುಹಿಸಿದ ತಂದೆಗೆ ಹೇಳಲಾರದೆ, ಗೆಳೆಯರೆದುರು ಒಪ್ಪಿಕೊಳ್ಳಲಾರದೆ, ಮೊಟ್ಟಮೊದಲ ಬಾರಿಗೆ ಒಬ್ಬ ಮನುಷ್ಯನ ಮುಂದೆ ಬಾಯಿ ಬಿಡಲು ಅವನು ಧೈರ್ಯ ಮಾಡಿ ಬಂದಿರಬಹುದು. ಸೋಲಿಗೆ ಕಾರಣವೇನೆಂಬುದು ಬಾಗಿಲು ತೆರೆಯುವ ಕ್ಷಣದಲ್ಲಿ ಯಾರಿಗೆ ಗೊತ್ತು? ಮನೆಯಲ್ಲಿ ಸಾವಾಗಿರಬಹುದು. ಆಗ ಅವನನ್ನು ಎದುರುಗೊಳ್ಳುವುದು ಹೆಣದ ವೇಷ ತೊಟ್ಟ ಹಿರಿಯರೆಂದರೆ, ಆ ಕ್ರೌರ್ಯ ಉದ್ದೇಶಪೂರ್ವಕವಲ್ಲ ಎಂಬ ಮಾತಿನಿಂದ ನೋವು ಕಡಿಮೆಯಾಗುವುದೇ? ಬೇಕೆಂದು ನೋಯಿಸುವುದು ಒಂದು ಬಗೆ. ಎಚ್ಚರದಪ್ಪಿ ನೋಯಿಸುವುದು ಇನ್ನೊಂದು ಬಗೆ. ಜಾಗರೂಕತೆಯೇ ವೃತ್ತಿಯಾದವನಿಗೆ ಎರಡನೆಯದೂ ಹೊಣೆಯೇ.

ಈ ರೂಢಿಯನ್ನು ಸಮರ್ಥಿಸುವವರ ವಾದಗಳನ್ನೂ ನ್ಯಾಯವಾಗಿ ಪರಿಶೀಲಿಸೋಣ. ವೇಷವು ಅಂತರವನ್ನು ಕಡಿಮೆ ಮಾಡುತ್ತದೆ, ಪ್ರೊಫೆಸರರೂ ತಮ್ಮಂತೆ ಮನುಷ್ಯರೆಂದು ವಿದ್ಯಾರ್ಥಿಗೆ ಅನ್ನಿಸುತ್ತದೆ ಎಂಬುದು ಮೊದಲನೆಯ ವಾದ. ತರಗತಿಯ ಮಟ್ಟಿಗೆ ಇದರಲ್ಲಿ ಸತ್ಯಾಂಶವಿದೆ. ನೂರು ಜನ ಕೂಡಿ ನಗುವಾಗ ನಗದೆ ಇರುವ ಸ್ವಾತಂತ್ರ್ಯವೂ ಒಬ್ಬನಿಗೆ ಉಳಿದಿರುತ್ತದೆ. ಮುಚ್ಚಿದ ಬಾಗಿಲಿನ ಹಿಂದೆ ಇಬ್ಬರೇ ಇರುವಾಗ ಆ ಸ್ವಾತಂತ್ರ್ಯವಿಲ್ಲ. ಅಂಕ ಹಾಕುವ ಕೈ, ಸಹಿ ಮಾಡುವ ಲೇಖನಿ ಯಾವ ವೇಷದಲ್ಲೂ ಕಳೆದುಹೋಗುವುದಿಲ್ಲ. ಅಧಿಕಾರವುಳ್ಳವರು ವಿನೋದಕ್ಕಿಳಿದರೆ ಎದುರಿಗಿರುವವನು ನಗಲೇಬೇಕಾಗುತ್ತದೆ. ಅಳುವುದಕ್ಕೆ ಬಂದವನಿಂದ ಮೊದಲು ಒಂದು ನಗುವನ್ನು ವಸೂಲಿ ಮಾಡುವುದು ಸಲಿಗೆಯಲ್ಲ.

ಆಸ್ಪತ್ರೆಗಳಲ್ಲಿ ವಿದೂಷಕರು ಮಕ್ಕಳನ್ನು ನಗಿಸುವುದಿಲ್ಲವೇ ಎಂಬುದು ಎರಡನೆಯ ವಾದ. ನಿಜ, 1986ರಲ್ಲಿ ನ್ಯೂಯಾರ್ಕಿನ ಬಿಗ್ ಆ್ಯಪಲ್ ಸರ್ಕಸ್ಸಿನ ಮೈಕೇಲ್ ಕ್ರಿಸ್ಟೆನ್‌ಸೆನ್ ಅಂತಹ ಸೇವೆಯನ್ನು ಆರಂಭಿಸಿದರು, ಅದು ಮುಂದೆ ಹಲವು ದೇಶಗಳಿಗೆ ಮಾದರಿಯಾಯಿತು. ಆದರೆ ತರಬೇತಾದ ವಿದೂಷಕ ಮಗುವಿನ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಅನುಮತಿ ಕೇಳುತ್ತಾನೆ. ಮಗು ಬೇಡವೆಂದರೆ ಹಿಂದಿರುಗುತ್ತಾನೆ. ಅದಕ್ಕಿಂತ ಮುಖ್ಯವಾಗಿ, ರೋಗ ಇಂತಹುದು ಎಂದು ತಿಳಿಸುವ ಕೆಲಸ ಅವನದಲ್ಲ. ಆ ಮಾತು ಹೇಳಬೇಕಾದ ವೈದ್ಯರು ಕೆಂಪು ಮೂಗು ಅಂಟಿಸಿಕೊಂಡು ಬಂದರೆ ಯಾವ ತಂದೆತಾಯಿ ಒಪ್ಪಿಯಾರು? ಈ ಉದಾಹರಣೆ ಸಮರ್ಥಕರ ವಾದವನ್ನಲ್ಲ, ನಮ್ಮ ವಾದವನ್ನೇ ಪುಷ್ಟಿಗೊಳಿಸುತ್ತದೆ.

ಮೂರನೆಯ ವಾದ: ಮುಜುಗರವಾದರೆ ವಿದ್ಯಾರ್ಥಿಯೇ ಹೇಳಬಹುದಲ್ಲ. ಹೇಳಲಾರ, ಅದೇ ಅವನ ಸ್ಥಿತಿ. ನೆರವು ಬೇಡಲು ಬಂದವನು ನೆರವು ನೀಡುವವರ ಉಡುಪನ್ನು ಆಕ್ಷೇಪಿಸುವುದುಂಟೇ? ಮೊದಲ ಬಾರಿಗೆ ಆ ದೇಶದ ಅಕ್ಟೋಬರ್ ಕಾಣುತ್ತಿರುವ ಪರದೇಶಿ ವಿದ್ಯಾರ್ಥಿನಿಗೆ ಇದು ಹಬ್ಬದ ವೇಷವೋ ತನ್ನನ್ನು ಕುರಿತ ಲೇವಡಿಯೋ ಎಂಬುದೂ ತಿಳಿಯದೆ ಹೋಗಬಹುದು. ಇಂದಿನ ಮಕ್ಕಳು ಅಷ್ಟು ಮೃದುವಲ್ಲ ಎನ್ನುವವರೂ ಇದ್ದಾರೆ. ಇದು ಮಕ್ಕಳ ಮೃದುತ್ವದ ಪ್ರಶ್ನೆಯೇ ಅಲ್ಲ. ಎಂಥ ಗಟ್ಟಿ ಮನುಷ್ಯನಾದರೂ ಕೆಟ್ಟ ಸುದ್ದಿಯನ್ನು ಕೇಳುವಾಗ ಹೇಳುವವರ ಮುಖವನ್ನೇ ನೋಡುತ್ತಾನೆ. ಆಶೆಗೆ ಎಡೆಯಿದೆಯೇ ಎಂಬುದನ್ನು ಮಾತಿಗಿಂತ ಮೊದಲು ಅಲ್ಲಿ ಹುಡುಕುತ್ತಾನೆ. 2020ರ ಸಾಂಕ್ರಾಮಿಕದ ಕಾಲದಲ್ಲಿ ಮುಖದ ಅರ್ಧಭಾಗ ಮುಚ್ಚಿಕೊಂಡು ಪಾಠ ಮಾಡಿದ ಅಧ್ಯಾಪಕರಿಗೆ ಮುಖ ಕಾಣದ ಸಂಭಾಷಣೆಯ ಕಷ್ಟವನ್ನು ಹೊಸದಾಗಿ ಹೇಳಬೇಕಿಲ್ಲ. ಅಂದು ಅದು ಜೀವರಕ್ಷಣೆಗಾಗಿ ಸಹಿಸಿದ ಅನಿವಾರ್ಯತೆ. ಇಂದು ಮೋಜಿಗಾಗಿ ಅದನ್ನೇ ಏಕೆ ಹೇರಬೇಕು?

ಹಾಗೆಂದು ಹಬ್ಬವನ್ನೇ ನಿಷೇಧಿಸಬೇಕೆಂಬುದು ನಮ್ಮ ಮಾತಲ್ಲ. ಬೇಕಾಗಿರುವುದು ಅತ್ಯಲ್ಪ. ಆ ದಿನ ವಿದ್ಯಾರ್ಥಿಗಳನ್ನು ಕಾಣಬೇಕಾದವರು ನಿಮಿಷದಲ್ಲಿ ಕಳಚಬಹುದಾದ ವೇಷವನ್ನೇ ಆರಿಸಲಿ. ಮುಖಕ್ಕೆ ಬಣ್ಣ ಬೇಡ. ಕೊಠಡಿಯಲ್ಲಿ ಒಂದು ಸಾದಾ ಅಂಗಿ ಇರಲಿ. ಹೇಳದೆ ಕೇಳದೆ ಯಾರಾದರೂ ಬಂದರೆ, ಎರಡು ನಿಮಿಷ ಕುಳಿತಿರಿ, ಇದನ್ನು ತೆಗೆದು ಬರುತ್ತೇನೆ ಎನ್ನಲಿ. ಆ ಒಂದು ಮಾತಿನಲ್ಲೇ, ನಿನ್ನ ಕಷ್ಟ ನನ್ನ ವಿನೋದಕ್ಕಿಂತ ದೊಡ್ಡದು ಎಂಬ ಆಶ್ವಾಸನೆ ಅವನಿಗೆ ದೊರೆಯುತ್ತದೆ. ಭೇಟಿಯನ್ನು ಮುಂದೂಡುವುದು ಮಾತ್ರ ಸುಲಭೋಪಾಯವಾಗದಿರಲಿ. ವಿಷಯ ಕೈಬಿಡುವ ಗಡುವು ಅಂದೇ ಸಂಜೆ ಮುಗಿಯುವುದಿದ್ದರೆ ನಾಳೆಯ ಭೇಟಿ ವ್ಯರ್ಥ. ಸಂಸ್ಥೆಗಳೂ ಹಬ್ಬದ ಸುತ್ತೋಲೆಯಲ್ಲಿ ಒಂದು ಸಾಲು ಸೇರಿಸಲಿ: ವಿದ್ಯಾರ್ಥಿಯ ಸೋಲು, ಶಿಸ್ತು, ಅನಾರೋಗ್ಯ ಅಥವಾ ಧನಸಹಾಯದ ಮಾತುಕತೆಗೆ ವೇಷದಲ್ಲಿ ಕುಳಿತುಕೊಳ್ಳತಕ್ಕದ್ದಲ್ಲ.

ಗುರುವೆಂಬ ಗೌರವ ಉಡುಪಿನಿಂದ ಬರುವುದಿಲ್ಲವೆನ್ನುವುದು ಸರಿಯೇ. ಆದರೆ ಉಡುಪನ್ನು ಯಾವಾಗ ಕಳಚಬೇಕೆಂಬ ವಿವೇಕ ಆ ಗೌರವದ ಒಂದು ಭಾಗ. ವರ್ಷದ ಒಂದು ದಿನದ ಮೋಜನ್ನು ಅರ್ಧ ಗಂಟೆ ಬದಿಗಿಡಲಾರದವರು, ವಿದ್ಯಾರ್ಥಿಯೊಬ್ಬನ ಕೈಯಿಂದ ಒಂದು ಇಡೀ ವರ್ಷ ಜಾರುತ್ತಿರುವಾಗ ಅದನ್ನು ಹಿಡಿದು ನಿಲ್ಲಿಸುವರೆಂದು ನಂಬುವುದು ಹೇಗೆ?