ಸಾಹಸ ಯಾರದು, ಅಪಾಯ ಯಾರದು?

ಹಾನಗಲ್ ಸೀಮೆಯ ಊರುಗಳಿಗೆ ಹಿಂದೆ ಸೈಕಲ್ ಸರ್ಕಸ್ಸಿನವರು ಬರುತ್ತಿದ್ದರು. ಶಾಲೆಯ ಬಯಲಿನಲ್ಲಿ ಹಗ್ಗ ಕಟ್ಟಿ, ದಿನಗಟ್ಟಲೆ ಸೈಕಲ್ಲಿನಿಂದ ಇಳಿಯದೆ ಸುತ್ತುತ್ತಿದ್ದ ಕಲಾವಿದ ಅದರ ಮೇಲೆಯೇ ಉಣ್ಣುತ್ತಿದ್ದ, ಮೀಯುತ್ತಿದ್ದ. ಮಕ್ಕಳಾದ ನಾವು ಬೆರಗಾಗಿ ನೋಡಿ, ಅವ್ವ ಕೊಟ್ಟ ನಾಲ್ಕಾಣೆಯನ್ನು ಅವನ ತಟ್ಟೆಗೆ ಹಾಕುತ್ತಿದ್ದೆವು. ಬಿದ್ದರೆ ಪೆಟ್ಟಾಗುತ್ತಿದ್ದುದು ಅವನೊಬ್ಬನಿಗೆ. ನಾವು ಹಗ್ಗದ ಈಚೆಗಿದ್ದೆವು.

ಇಂದು ನಮ್ಮ ವಿದ್ಯಾರ್ಥಿಗಳು ಮೊಬೈಲಿನಲ್ಲಿ ನೋಡಿ ಮೆಚ್ಚುವ ಸಾಹಸ ಬೇರೆ ಬಗೆಯದು. ಮಹಾನಗರಗಳ ಜನನಿಬಿಡ ರಸ್ತೆಗಳಲ್ಲಿ ಕೆಂಪು ದೀಪವನ್ನು ಲೆಕ್ಕಿಸದೆ, ಬಸ್ಸುಗಳ ನಡುವಿನ ಸಂದಿಯಲ್ಲಿ ನುಗ್ಗುವ, ಮುಂದಿನ ಗಾಲಿ ಎತ್ತಿ ಓಡಿಸುವ ಸವಾರರವರು. ಅವರ ಕೌಶಲ ಸುಳ್ಳಲ್ಲ. ಆದರೆ ಅಲ್ಲಿ ಹಗ್ಗವಿಲ್ಲ. 2016ರಲ್ಲಿ ಲಂಡನ್ನಿನಲ್ಲಿ, ಮುಂದಿನ ಬ್ರೇಕ್ ಇಲ್ಲದ ಸೈಕಲ್ ಬಡಿದು ರಸ್ತೆ ದಾಟುತ್ತಿದ್ದ ತಾಯಿಯೊಬ್ಬಳು ಸತ್ತಳು. ಮರುವರ್ಷ ಸವಾರನಿಗೆ 18 ತಿಂಗಳ ಸೆರೆವಾಸವಾಯಿತು. ಅಲ್ಲಿ ಕಸರತ್ತೂ ನಡೆದಿರಲಿಲ್ಲ. ಬ್ರೇಕ್ ಇಲ್ಲದ ಸೈಕಲ್ಲೇ ಸಾಕಾಯಿತು.

ನೋಡಿ ಮೆಚ್ಚಿದರೆ ನಮ್ಮ ತಪ್ಪೇನು ಎಂದು ಕೇಳಬಹುದು. ನೋಡುವವರಿಗಾಗಿಯೇ ನಡೆಯುವ ಕಸರತ್ತಿನಲ್ಲಿ ನೋಡುಗನೂ ಪಾಲುದಾರ. ಹಾಗೆಂದು ಕೋಪವೂ ಪರಿಹಾರವಲ್ಲ. 2024ರ ಆಗಸ್ಟ್‌ನಲ್ಲಿ ಬೆಂಗಳೂರು–ತುಮಕೂರು ಹೆದ್ದಾರಿಯಲ್ಲಿ ವ್ಹೀಲಿಂಗ್ ಮಾಡುತ್ತಿದ್ದವರ ಎರಡು ಸ್ಕೂಟರ್‌ಗಳನ್ನು ರೊಚ್ಚಿಗೆದ್ದ ಜನ ಮೇಲ್ಸೇತುವೆಯಿಂದ ಕೆಳಕ್ಕೆಸೆದರು. ಕೆಳಗೆ ಯಾರಿದ್ದಾರೆಂಬ ಪ್ರಶ್ನೆ ಆ ಕೋಪಕ್ಕೂ ಹೊಳೆಯಲಿಲ್ಲ.

ನಗರದ ಹುಡುಗರನ್ನಷ್ಟೇ ದೂರುವ ಅಧಿಕಾರವೂ ನಮಗಿಲ್ಲ. ದೀಪಾವಳಿಯ ಹೋರಿ ಹಬ್ಬ ನಮ್ಮ ಹೆಮ್ಮೆ. ಆದರೆ 2025ರ ಹಬ್ಬದಲ್ಲಿ ಹಾವೇರಿ ಜಿಲ್ಲೆಯಲ್ಲಿ ಹೋರಿಗಳ ತಿವಿತಕ್ಕೆ ಜೀವಗಳು ಹೋದವು. ಕೊಬ್ಬರಿ ಹರಿಯಲು ಅಖಾಡಕ್ಕಿಳಿದವನು ಅಪಾಯವನ್ನು ತಿಳಿದೇ ಇಳಿಯುತ್ತಾನೆ. ಓಡಿಬಂದ ಹೋರಿಗೆ ಎದುರಾಗುವ ದಾರಿಹೋಕನ ಒಪ್ಪಿಗೆಯನ್ನು ಕೇಳಿದವರಾರು?

ಕೃಷಿ ಸಂಶೋಧನೆಯಲ್ಲಿ ನಾವು ಪಾಲಿಸುವ ಶಿಸ್ತೊಂದಿದೆ. ಹೊಸ ತಳಿಯನ್ನು ಮೊದಲು ನಮ್ಮ ಪ್ರಯೋಗದ ತಾಕಿನಲ್ಲಿ ಬಿತ್ತುತ್ತೇವೆ. ರೈತನ ಹೊಲಕ್ಕೆ ಹೋಗುವುದು ಆಮೇಲೆ, ಅವನ ಒಪ್ಪಿಗೆಯಿಂದ. ಬೆಳೆ ಕೈಕೊಟ್ಟರೆ ನಷ್ಟ ಪ್ರಯೋಗ ಮಾಡಿದವನದಾಗಬೇಕು. ಸಾಹಸಕ್ಕೂ ಇದೇ ಅಳತೆಗೋಲು ಸಾಕು.

ಸೈಕಲ್ಲು ಹೊಗೆಯುಗುಳದ, ಬಡವನ ಕೈಗೆಟಕುವ ವಾಹನ. 2006–07ರಲ್ಲಿ ಆರಂಭವಾದ ಸರ್ಕಾರದ ಯೋಜನೆಯಿಂದ ನಮ್ಮೂರುಗಳ ಎಷ್ಟೋ ಹೆಣ್ಣುಮಕ್ಕಳು ಸೈಕಲ್ಲೇರಿ ಪ್ರೌಢಶಾಲೆಗೆ ಹೋದರು. ಪಾದಚಾರಿ ಅದನ್ನು ಕಂಡು ಬೆದರುವಂತಾದರೆ ರಸ್ತೆಯಲ್ಲಿ ಅದಕ್ಕೊಂದು ಜಾಗ ಬೇಕೆನ್ನುವ ನಮ್ಮ ಮಾತಿಗೆ ಬೆಲೆಯಿರದು. ವಿದ್ಯಾರ್ಥಿಮಿತ್ರರೇ, ಸಾಹಸವನ್ನು ಮೆಚ್ಚಿರಿ. ಚಪ್ಪಾಳೆ ತಟ್ಟುವ ಮುನ್ನ, ಅವನು ತಪ್ಪಿದರೆ ಬೀಳುವವರು ಯಾರೆಂದು ಒಮ್ಮೆ ಕೇಳಿಕೊಳ್ಳಿರಿ.