ಫ್ಯಾನಿನ ಸದ್ದಿನಲ್ಲಿ ಯಾರ ದನಿ?

ಹಾವೇರಿಯಿಂದ ಚಿಗವ್ವ ಒಂದು ಆಡಿಯೊ ಕಳಿಸಿದ್ದಳು. ಹನ್ನೊಂದು ಸೆಕೆಂಡಿನದು. ಕಾಕಾ ತೀರಿಕೊಂಡು ಮೂರು ತಿಂಗಳಾಗಿತ್ತು. ಅವರು ಮಲಗುತ್ತಿದ್ದ ಕೋಣೆಯಲ್ಲಿ ರಾತ್ರಿ ಫೋನ್ ಇಟ್ಟು ರೆಕಾರ್ಡ್ ಮಾಡಿದ್ದಳಂತೆ. ಕೆಳಗೆ ಒಂದು ಸಾಲು: “ಬಾಗಿಲಾ ಹಾಕು ಅಂತಾರ, ಕೇಳು.”

ಕೇಳಿದೆ. ಫ್ಯಾನಿನ ಸದ್ದಿನೊಳಗೆ ‘ಬಾಗಿಲಾ ಹಾಕು’ ನನಗೂ ಕೇಳಿಸಿತು. ಮೈ ಜುಂ ಎಂದಿತು.

ನಾನು ಭಾಷಾವಿಜ್ಞಾನ ಓದಿದವಳು. ಅನುವಾದದ ಜೊತೆಗೆ ರೆಕಾರ್ಡಿಂಗ್ ಕೇಳಿ ಅಕ್ಷರಕ್ಕಿಳಿಸುವುದೂ ನನ್ನ ಹೊಟ್ಟೆಪಾಡು. ಇರುವುದು ಏಲೂರಿನಲ್ಲಿ, ಪೆರಿಯಾರ್ ನದಿಯ ಕಾರ್ಖಾನೆಗಳ ನಡುವೆ. ಮರುದಿನ ಪಕ್ಕದ ಮನೆಯ ಚೇಚಿಗೆ, ಏನೂ ಹೇಳದೆ, ಅದೇ ಆಡಿಯೊ ಕೇಳಿಸಿದೆ. ಮೊದಲ ಸಲ ಅವರಿಗೆ ಬರೀ ಸದ್ದು. ಯಾರಾದರೂ ಮಾತಾಡುತ್ತಿದ್ದಾರಾ ಎಂದು ಕೇಳಿದ ಮೇಲೆ ‘ಇಙ್ಙೋಟ್ಟ್ ವಾ’ ಎಂದರು. ಇತ್ತ ಬಾ ಎಂದು. ಹಾವೇರಿ ಬಿಟ್ಟು ಹೆಚ್ಚೇನೂ ಓಡಾಡದ ನಮ್ಮ ಕಾಕಾ ಸತ್ತ ಮೇಲೆ ಮಲಯಾಳಂ ಕಲಿತಿರಲಾರರು.

ಟೇಪಿನಲ್ಲಿ ಸತ್ತವರ ದನಿ ಹುಡುಕುವ ಹವ್ಯಾಸ ಹಳೆಯದು. 1959ರಲ್ಲಿ ಸ್ವೀಡನ್ನಿನ ಫ್ರೀಡ್ರಿಷ್ ಯೂರ್ಗೆನ್‌ಸನ್ ಹಕ್ಕಿಗಳ ಕೂಗು ರೆಕಾರ್ಡ್ ಮಾಡಲು ಹೋಗಿ ಮನುಷ್ಯರ ದನಿ ಕೇಳಿದೆನೆಂದರು. ಅವರ ದಾರಿ ಹಿಡಿದ ಲಾಟ್ವಿಯಾ ಮೂಲದ ಕಾನ್‌ಸ್ಟಾಂಟಿನ್ ರೌಡಿವ್ ಸಾವಿರಾರು ಇಂಥ ದನಿಗಳನ್ನು ಕೂಡಿಸಿ 1968ರಲ್ಲಿ ಪುಸ್ತಕ ತಂದರು. ಭಾಷೆ ಓದಿದವರನ್ನು ತಡೆದು ನಿಲ್ಲಿಸುವ ಸಂಗತಿಯೊಂದು ಅದರಲ್ಲಿದೆ. ಆ ದನಿಗಳು ಒಂದೇ ಪುಟ್ಟ ವಾಕ್ಯದಲ್ಲಿ ಲಾಟ್ವಿಯನ್, ಜರ್ಮನ್, ರಷ್ಯನ್, ಸ್ವೀಡಿಷ್ ಬೆರೆಸಿ ಮಾತಾಡುತ್ತಿದ್ದವು. ರೌಡಿವ್ ಅವರಿಗೆ ಬರುತ್ತಿದ್ದುದೂ ಅವೇ ಭಾಷೆಗಳು. ಸದ್ದಿನ ಚೂರು ಯಾವ ಭಾಷೆಗೆ ಹೊಂದಿದರೆ ಆ ಭಾಷೆಯ ಪದವಾಗುತ್ತಿತ್ತು.

ಇದು ಮೋಸವಲ್ಲ. ಕಿವಿ ಕೆಲಸ ಮಾಡುವ ರೀತಿಯೇ ಹಾಗೆ. 1970ರಲ್ಲಿ ಅಮೆರಿಕದ ರಿಚರ್ಡ್ ವಾರೆನ್ ಒಂದು ವಾಕ್ಯದ ಒಂದು ಧ್ವನಿಯನ್ನು ಕತ್ತರಿಸಿ, ಆ ಜಾಗಕ್ಕೆ ಕೆಮ್ಮು ತುಂಬಿ ಕೇಳಿಸಿದರು. ಬಹುತೇಕ ಯಾರಿಗೂ ಧ್ವನಿ ಬಿಟ್ಟುಹೋದದ್ದು ತಿಳಿಯಲಿಲ್ಲ, ಮಿದುಳು ತಾನೇ ತುಂಬಿಕೊಂಡಿತ್ತು. ಸಂತೆಯ ಗದ್ದಲದಲ್ಲೂ ನಾವು ಮಾತಾಡಲು ಸಾಧ್ಯವಾಗುವುದು ಈ ಗುಣದಿಂದಲೇ. ಫೋನುಗಳೂ ಇದಕ್ಕೆ ಕೈಜೋಡಿಸುತ್ತವೆ. ಮಾತನ್ನು ಉಳಿಸಿ ಉಳಿದದ್ದನ್ನು ಕುಗ್ಗಿಸುವಂತೆ ಅವನ್ನು ಮಾಡಿರುವುದರಿಂದ, ಮಾತೇ ಇಲ್ಲದ ಸದ್ದೂ ಮಾತಿನ ಹಾಗೆ ತುಂಡುತುಂಡಾಗಿ ಬರಬಹುದು.

ಹಾಗಾದರೆ ನಗಾಡಿ ಬಿಟ್ಟುಬಿಡಬಹುದೆ? ಬಿಡಬಾರದು ಅನ್ನುತ್ತೇನೆ. ಇದೇ ಕಿವಿ ಕೋರ್ಟಿನಲ್ಲೂ ಕೂತಿರುತ್ತದೆ. ನ್ಯೂಜಿಲೆಂಡಿನ ಡೇವಿಡ್ ಬೇನ್ ಕೊಲೆ ಪ್ರಕರಣದಲ್ಲಿ, 1994ರ ತುರ್ತು ಕರೆಯ ಏದುಸಿರಿನೊಳಗೆ ‘ಗುಂಡು ಹೊಡೆದೆ’ ಎಂಬರ್ಥದ ಮಾತಿದೆ ಎಂದು ಪೊಲೀಸರ ಕಡೆಯವರು ಹೇಳಿದರು. 2009ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಭಾಗವನ್ನು ಮರುವಿಚಾರಣೆಯಿಂದ ಹೊರಗಿಟ್ಟಿತು. ಧ್ವನಿವಿಜ್ಞಾನಿ ಹೆಲೆನ್ ಫ್ರೇಜರ್ ಮತ್ತು ಸಂಗಡಿಗರು ಅದೇ ಕರೆಯನ್ನು ಜನರಿಗೆ ಕೇಳಿಸಿ ನೋಡಿದರು. ಸುಮ್ಮನೆ ಕೇಳಿದಾಗ ಆ ಮಾತು ಕೇಳಿಸಲಿಲ್ಲ. ಹೀಗಿದೆಯೆಂದು ಸೂಚಿಸಿದ ಮೇಲೆ ಹಲವರಿಗೆ ಕೇಳಿಸಿತು. ಚಿಗವ್ವನ ಒಂದು ಸಾಲು ನನಗೆ ಮಾಡಿದ್ದೂ ಅದನ್ನೇ. ಅವಳ ಸಾಲಿನಿಂದ ಯಾರೂ ಜೈಲಿಗೆ ಹೋಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಕಾಣದ ದನಿಗೆ ಕಿವಿಗೊಡುವುದು ನಮಗೆ ಹೊಸದಲ್ಲ. ಹಾಲಕ್ಕಿಯ ಕೂಗಿನಲ್ಲಿ ಭವಿಷ್ಯ ಕೇಳಿ ಬಂದೆನೆನ್ನುವ ಬುಡುಬುಡಿಕೆಯವರನ್ನು ಕಂಡು ಬೆಳೆದವರು ನಾವು. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಕೂಗಿದರೆ ಲಕ್ಷಾಂತರ ಮಂದಿ ಗಪ್ಪಾಗುತ್ತಾರೆ. ನಂತರ ಒಂದೇ ಸಾಲಿನ ಕಾರ್ಣಿಕ. ಮಳೆಗೋ ಬೆಳೆಗೋ ರಾಜಕಾರಣಕ್ಕೋ ಅದನ್ನು ಹೊಂದಿಸುವ ಜಗಳ ಚಹಾದಂಗಡಿಯಲ್ಲಿ ವಾರಗಟ್ಟಲೆ ನಡೆಯುತ್ತದೆ. ನಂಬುವುದು ಬಿಡುವುದು ಬೇರೆ ಮಾತು. ಅಲ್ಲಿ ಮೊದಲು ಎಲ್ಲರೂ ಒಟ್ಟಿಗೆ ಕೇಳುತ್ತಾರೆ, ಅರ್ಥ ಆಮೇಲೆ ಬರುತ್ತದೆ. ಫೋನಿನ ದನಿಗೆ ಅರ್ಥವೇ ಮೊದಲು ಬರುತ್ತದೆ.

ಆದ್ದರಿಂದ ನನ್ನದೊಂದು ಸಣ್ಣ ಬೇಡಿಕೆ. ಅಸ್ಪಷ್ಟ ಆಡಿಯೊ ಕಳಿಸುವಾಗ, ಅದು ದೆವ್ವದ್ದಿರಲಿ, ರಾಜಕಾರಣಿಯದ್ದಿರಲಿ, ಅದರಲ್ಲೇನಿದೆ ಎಂದು ಬರೆಯಬೇಡಿ. ಇಬ್ಬರು ಮೂವರಿಗೆ ಬೇರೆಬೇರೆಯಾಗಿ ಕೇಳಿಸಿ, ಕೇಳಿದ್ದನ್ನು ಬರೆಸಿಕೊಳ್ಳಿ. ಬರೆದದ್ದು ಹೊಂದದಿದ್ದರೆ ಅಲ್ಲಿಗೆ ನಿಲ್ಲಿಸಿ. ನನ್ನ ಕಸುಬಿನವರಿಗಂತೂ ‘ಕೇಳಿಸುತ್ತಿಲ್ಲ’ ಎಂದು ಬರೆಯುವ ಧೈರ್ಯ ಬೇಕು.

ಇದನ್ನೆಲ್ಲ ಚಿಗವ್ವನಿಗೆ ಹೇಳಿದೆ. ಹೇಳಿದ್ದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ಅವಳು ಸಿಟ್ಟಾಗಲಿಲ್ಲ. “ನಿಂಗ ಕೇಳ್ಸಲಿಲ್ಲಂದ್ರ ಬಿಡವಾ, ನಂಗ ಕೇಳ್ತೈತಿ” ಅಂದಳು.

ಆ ರಾತ್ರಿ ನನ್ನ ಫೋನಿನಲ್ಲಿ ಹಿಂದೆ ಹಿಂದೆ ಹೋಗಿ ಹುಡುಕಿದೆ. ಎರಡು ವರ್ಷದ ಹಿಂದೆ ಕಾಕಾ ಕಳಿಸಿದ ದನಿ ಸಿಕ್ಕಿತು: “ಬರೂ ಮುಂದ ಛಲೋ ಕೊಬ್ರಿ ಎಣ್ಣಿ ತಗೊಂಡು ಬಾ, ಮರೀಬ್ಯಾಡ.” ಚಿಗವ್ವನಿಗೆ ಕಳಿಸಿದೆ. ಕೆಳಗೆ ಏನೂ ಬರೆಯಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ನಿಮ್ಮ ಫೋನಿನಲ್ಲೂ ಇಂಥವು ಇರುತ್ತವೆ. ಜಾಗ ಸಾಲದೆಂದು ಅಳಿಸುವ ಮುನ್ನ ಒಮ್ಮೆ ಕೇಳಿ ನೋಡಿ.